ಮೊಣಕಾಲುದ್ದದ ನೀರಿನಲ್ಲಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಅರ್ಧಕ್ಕೇ ಎದ್ದು ಚಹಾಕ್ಕಿಡಲು ಒಳಗೆ ಹೋಗುತ್ತಿದ್ದೆ. ಸತ್ತವರು ಬರುತ್ತಾರೆ ಎಂಬ ಮಾತಿನಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ಹೇಳಲಾರೆ. ಆದರೆ ವರದಾ ನದಿಯಲ್ಲಿ, ಹಾಡುಹಗಲು, ಮನೆಮಂದಿಯೆಲ್ಲ ನೋಡುತ್ತಿದ್ದಾಗ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನೀವು ಅರ್ಧಕ್ಕೇ ಎದ್ದು ಹೋದರೂ ನನಗೆ ಬೇಸರವಿಲ್ಲ.

ನಮ್ಮದು ಹಾನಗಲ್ಲು. ಬೇಸಿಗೆ ರಜೆಗೆ ಶಿಗ್ಗಾಂವಿಯಿಂದ ದೊಡ್ಡಪ್ಪನ ಮಕ್ಕಳು, ಸವಣೂರಿನಿಂದ ಅತ್ತೆಯ ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದರು. ಎಲ್ಲರೂ ಸೇರಿದರೆಂದರೆ ಈಜಲು ಹೋಗುವುದು ಆಗಲೇಬೇಕು. ಹಿರೇಕೆರೂರಿನ ನೆಂಟರು ಮದಗದ ಕೆರೆಗೆ ಬರ್ರಿ ಎಂದು ಕರೆಯುತ್ತಿದ್ದರು. ಅದರ ಆಳಕ್ಕೆ ಹೆದರಿ ಹಿರಿಯರು ಒಪ್ಪುತ್ತಿರಲಿಲ್ಲ. ವರದೆಯಾದರೆ ಬೇಸಿಗೆಯಲ್ಲಿ ಸೊರಗಿ, ಉಸುಕಿನ ಮೇಲೆ ತೆಳ್ಳಗೆ ಹರಿಯುತ್ತಿತ್ತು. ಹಚ್ಚಿದ ಅವಲಕ್ಕಿ, ಮೊಸರನ್ನ, ಮಾವಿನಕಾಯಿ ಚಟ್ನಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ, ಹೊಲದ ದಾರಿ ಹಿಡಿದು ದಂಡೆ ಸೇರುತ್ತಿದ್ದೆವು. ಹೆಂಗಸರು ಹೊಂಗೆಯ ನೆರಳಿನಲ್ಲಿ ಕೂತು ಕಾಲನ್ನಷ್ಟೇ ನೀರಿಗೆ ಬಿಡುತ್ತಿದ್ದರು. ಸಣ್ಣ ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಹೊರಳಾಡುತ್ತಿದ್ದವು. ಸ್ವಲ್ಪ ಆಚೆ ಒಂದು ಬಂಡೆ, ಅದರ ಹಿಂದೆ ಆಳದ ಮಡು. ಈಜು ಕಲಿಯುವವರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಲ್ಲಿಗೆ ಬಿಡುತ್ತಿದ್ದರು.

ನನ್ನ ತಮ್ಮ ರಾಘು ತೀರಿಕೊಂಡದ್ದು ಆ ಮಡುವಿನಲ್ಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅವನು ಇನ್ನೂ ಶಾಲೆಯಲ್ಲಿ ಮೂರನೇ ಇಯತ್ತೆ. ದೊಡ್ಡಪ್ಪನ ಮಗ ವಸಂತಣ್ಣನಿಗೆ ಆಗಷ್ಟೇ ಮೀಸೆ ಮೂಡುತ್ತಿತ್ತು, ಒಳ್ಳೆಯ ಈಜುಗಾರ. ಬುರುಡೆ ಇಲ್ಲದೆ ಕಲಿಸುತ್ತೇನೆಂದು ಬಂಡೆಯ ಹಿಂದೆ ರಾಘುವಿನ ಬೆನ್ನಿನ ಹಗ್ಗ ಬಿಚ್ಚಿದವನು ಅವನೇ. ಬಂಡೆಯ ಮೇಲೆ ಕೂತಿದ್ದ ನಾನು ಕಣ್ಣಾರೆ ನೋಡಿದೆ. ರಾಘುವನ್ನು ಹೊರಗೆ ತಂದಾಗ ಮೈಯಲ್ಲಿ ಉಸಿರಿರಲಿಲ್ಲ. ವಸಂತಣ್ಣ ಅಳುತ್ತ, ಹಗ್ಗವನ್ನು ರಾಘು ತಾನೇ ಬಿಚ್ಚಿಕೊಂಡ, ಎಷ್ಟು ಹೇಳಿದರೂ ಕೇಳಲಿಲ್ಲ ಎಂದ. ನಾನು ಕಂಡದ್ದನ್ನು ಹೇಳಿದೆ. ಆಗ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು.

"ಹೋದ ಹುಡುಗಂತೂ ಹೋದ. ಇದ್ದ ಹುಡುಗನ ಬಾಳೇ ಯಾಕ ಹಾಳ ಮಾಡ್ತಿ?"

ಅಪ್ಪ ಎಂದೂ ದೊಡ್ಡಪ್ಪನಿಗೆ ಎದುರಾಡಿದವರಲ್ಲ. ಅಂದಿನಿಂದ ನಮ್ಮ ಬಳಗದಲ್ಲಿ ರಾಘು ಹಟಮಾರಿ ಹುಡುಗನಾದ, ಅವ್ವ ಮಗನ ಮೇಲೆ ನಿಗಾ ಇಡದ ತಾಯಿಯಾದಳು. ಯಾವ ಮನೆಯಲ್ಲಿ ಮಕ್ಕಳು ನೀರಿಗೆ ಹೊರಟರೂ, ರಾಘುನ ಹಂಗ ಹಟಾ ಮಾಡಬ್ಯಾಡ್ರಿ ಎಂಬ ಬುದ್ಧಿಮಾತು. ಅವ್ವ ಕೇಳಿಸಿಕೊಂಡೂ ತನ್ನ ಪಾಡಿಗೆ ಅಕ್ಕಿ ಆರಿಸುತ್ತಿದ್ದಳು. ನನಗೆ ಹಾಗೆ ಇರಲಾಗಲಿಲ್ಲ. ವಸಂತಣ್ಣನಿಗೆ ನೌಕರಿಯಾಯಿತು, ಮದುವೆಯಾಯಿತು, ಮಕ್ಕಳಾದವು. ಒಂದೊಂದು ಸುದ್ದಿ ಬಂದಾಗಲೂ, ಇವನೂ ಒಮ್ಮೆ ಆ ನೀರು ಕುಡಿಯಲಿ ಎಂದು ಮನಸ್ಸಿನಲ್ಲೇ ಶಪಿಸಿದ್ದೇನೆ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ದೊಡ್ಡಪ್ಪನಿಗೆ ಮೊಮ್ಮಕ್ಕಳನ್ನು ಮೊದಲಿನ ಹಾಗೆ ಹೊಳೆಗೆ ಕರೆದೊಯ್ಯುವ ಆಸೆಯಾಯಿತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಯಾರೂ ಕರೆಯದಿದ್ದರೂ ಅವ್ವ, ತಾನೂ ಬರುತ್ತೇನೆ ಎಂದಳು. ಆ ಜಾಗದಲ್ಲಿ ವಸಂತಣ್ಣನ ಮುಖ ಹೇಗಿರುತ್ತದೆಂದು ನೋಡಲು ನಾನೂ ಹೊರಟೆ.

ಅವನು ಮಡುವಿನತ್ತ ಸುಳಿಯಲೇ ಇಲ್ಲ. ದಂಡೆಗೆ ಹತ್ತಿಕೊಂಡು, ಮೊಣಕಾಲುದ್ದದ ನೀರಿನಲ್ಲಿ ತನ್ನ ಮಕ್ಕಳಿಗೆ ನೀರು ಎರಚುತ್ತ ನಗುತ್ತಿದ್ದ. ಊಟಕ್ಕೆ ಕರೆದಾಗ ಮಕ್ಕಳು ಓಡಿ ಬಂದವು. ಅವನೂ ಹೊರಟವನು ಒಂದು ಹೆಜ್ಜೆ ಇಟ್ಟು ಬಿದ್ದ. ಎದ್ದ, ಮತ್ತೆ ಬಿದ್ದ. ಮಕ್ಕಳನ್ನು ನಗಿಸುತ್ತಿದ್ದಾನೆಂದು ಅವನ ಹೆಂಡತಿಯೂ ನಕ್ಕಳು. ಆಮೇಲೆ ಅವನ ಬಾಯಿ ನೀರಿನಲ್ಲಿ ಮುಳುಗಿತು.

ನೀರು ತಿಳಿಯಾಗಿತ್ತು. ಕೆಳಗಿನ ಉಸುಕು ಕಾಣುತ್ತಿತ್ತು, ಬೇರೆ ಏನೂ ಇರಲಿಲ್ಲ. ಹೆಂಡತಿಯೂ ಅತ್ತೆಯ ಮಕ್ಕಳೂ ಓಡಿಹೋಗಿ ರಟ್ಟೆ ಹಿಡಿದು ಜಗ್ಗಿದರು. ಹೂತ ಕಂಬದಂತೆ ಅವನು ಅಲುಗಲಿಲ್ಲ. ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದೆ, ಚಾಚಲಿಲ್ಲ. ಇನ್ನಷ್ಟು ಕುಡಿ, ಇನ್ನಷ್ಟು ಕುಡಿ ಎಂದು ಒಳಗೇ ಹೇಳುತ್ತಿದ್ದೆ. ಈ ವಿಷ ನನ್ನೊಬ್ಬಳಲ್ಲೇ ಇದೆ ಎಂದುಕೊಂಡಿದ್ದೆ. ಆಗ ಪಕ್ಕದಲ್ಲಿದ್ದ ಅವ್ವ ನೀರಿನ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು:

"ಬಿಡಬ್ಯಾಡ, ರಾಘು."

ವಸಂತಣ್ಣನಿಗೆ ಅದು ಕೇಳಿಸಿತು. ಹೇಗೋ ಮುಖ ಮೇಲೆತ್ತಿ, ಉಸಿರೆಳೆದುಕೊಂಡು ಅವ್ವನನ್ನು ಬೇಡಿದ.

"ಬಿಡಸ್ರಿ ಕಾಕು. ಹಗ್ಗಾ ನಾನ ಬಿಚ್ಚಿದೆ. ಅಂವ ಬ್ಯಾಡ ಬ್ಯಾಡ ಅಂತ ಅಳಾಕತ್ತಿದ್ದ."

"ದೊಡ್ಡ ದನಿಲೆ ಹೇಳು," ಎಂದಳು ಅವ್ವ. "ನಿಮ್ಮಪ್ಪಗ ಕಿವಿ ಮಂದ ಆಗ್ಯಾವ."

ಅವನು ಕೂಗಿ ಹೇಳಿದ. ಮಕ್ಕಳು ಕೈಯಲ್ಲಿ ತುತ್ತು ಹಿಡಿದು ನಿಂತಿದ್ದವು. ದೊಡ್ಡಪ್ಪ ನೆಲ ನೋಡುತ್ತ ಕೂತರು. ಅವ್ವ ಇನ್ನೊಮ್ಮೆ ಹೇಳಿಸಿದಳು. ಆಮೇಲೆ ನೀರಿಗಿಳಿದು, ಸಣ್ಣ ಮಕ್ಕಳ ಕೈ ಹಿಡಿಯುವಷ್ಟು ಕೆಳಕ್ಕೆ ತನ್ನ ಕೈ ಇಳಿಬಿಟ್ಟು, "ಬಾ, ಮನೀಗೆ ಹೋಗೂಣು," ಎಂದಳು. ಆ ಕ್ಷಣವೇ ಜಗ್ಗುತ್ತಿದ್ದವರೆಲ್ಲ ವಸಂತಣ್ಣನ ಸಮೇತ ಹಿಂದಕ್ಕೆ ಉಸುಕಿನ ಮೇಲೆ ಬಿದ್ದರು.

ಕಾಲಿನ ನರ ಸೆಟೆದುಕೊಂಡಿರಬೇಕು ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ಮುಂದೆ ವಸಂತಣ್ಣ ಕ್ಷಮೆ ಕೇಳಲು ನಮ್ಮ ಮನೆಗೆ ಬಂದ. ಬಂದ ಯಾರನ್ನೂ ಬೆಲ್ಲ ನೀರು ಕೊಡದೆ ಕಳಿಸದ ಅವ್ವ ಅವನಿಗೆ ಕೂಡು ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಇವತ್ತಿಗೂ ಅವನ ಮನೆಯ ಹೊಸ್ತಿಲು ತುಳಿದಿಲ್ಲ. ಇದೆಲ್ಲ ನನಗೆ ಅರ್ಥವಾಗುತ್ತದೆ.

ಅರ್ಥವಾಗದ್ದು ಅದೇ ಸಂಜೆ ಬಸ್ಸಿನಲ್ಲಿ ಆದದ್ದು. ಉಳಿದವರಿಗೆ ಕಾಯದೆ ನಾವಿಬ್ಬರೇ ಹೊರಟಿದ್ದೆವು. ಅವ್ವ ಕಿಟಕಿಯ ಬದಿಯ ಜಾಗ ಖಾಲಿ ಬಿಟ್ಟು ಕೂತಳು. ನನ್ನನ್ನು ಹಿಂದಿನ ಸೀಟಿಗೆ ಕಳಿಸಿದಳು. ಕಂಡಕ್ಟರ್ ಬಂದಾಗ ಎರಡು ಪೂರಾ, ಒಂದು ಅರ್ಧ ಟಿಕೀಟು ಕೇಳಿದಳು. ಅವ್ವನ ತಲೆ ಕೆಟ್ಟಿತೆಂದು ಹೆದರಿ ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಮೂರೂ ಟಿಕೀಟು ಹರಿದು ಕೊಟ್ಟ. ಮುಂದೆ ಬಾಗಿ ಕಿಟಕಿ ಮುಚ್ಚಿದ.

"ಹುಡುಗ ಪೂರಾ ತೋಯ್ದಾನ್ರಿ ಅವ್ವಾರ. ಗಾಳಿಗೆ ಥಂಡಿ ಹತ್ತೀತು."

ನಾನು ಎದ್ದು ನಿಂತು ನೋಡಿದೆ. ಸೀಟಿನಲ್ಲಿ ಯಾರೂ ಇರಲಿಲ್ಲ. ಅವ್ವನನ್ನು ನಾನು ಕೇಳಲಿಲ್ಲ, ಅವಳೂ ಹೇಳದೆಯೇ ತೀರಿಕೊಂಡಳು. ಅಂದು ಬಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಯಾರೋ ಗುರುತಿಲ್ಲದ ಕಂಡಕ್ಟರನಿಗೆ ಕಂಡವನು ಅಕ್ಕನಿಗೆ ಯಾಕೆ ಕಾಣಲಿಲ್ಲ ಎಂಬುದೂ ಗೊತ್ತಿಲ್ಲ.