ಗೌಡರ ಮಗಳು ಮುಟ್ಟದ ಶೇಂಗಾ ಹಿಂಡಿ

ಇವತ್ತು ಪಕ್ಕದ ಮನೆಯಿಂದ ಶೇಂಗಾ ಹುರಿಯುವ ವಾಸನೆ ಬಂತು. ಮಗಳು ಓಡಿಹೋಗಿ ಕಿಟಕಿ ಮುಚ್ಚಿದಳು. ಅಳಿಯ ಕೇರಳದವನು, ಅವನಿಗೆ ಅನ್ನ, ಮೀನು ಬೇಕು. ನನಗೆ ಜೋಳದ ರೊಟ್ಟಿಯೇ ಬೇಕು. ಇಬ್ಬರಿಗೂ ಹೇಗೋ ಬೇಯಿಸಬಹುದು. ಆದರೆ ನಾಲ್ಕು ವರ್ಷದ ಮೊಮ್ಮಗಳು ಶೇಂಗಾ ತಿಂದರೆ ತುಟಿ ಊದಿ ಉಸಿರು ಕಟ್ಟುತ್ತದೆ. ಅಲರ್ಜಿ ಎಂದರು ಡಾಕ್ಟರು.

ನಾನು ಚಿಕ್ಕವಳಿದ್ದಾಗ ನಮ್ಮೂರು ಇಜೇರಿಯ ನಮ್ಮ ಕೇರಿಯಲ್ಲೂ ಇದೇ ವಾಸನೆ. ಗೌಡರ ಮಗಳು ನೀಲಾ ನನ್ನ ತರಗತಿಯವಳು. ಒಂದು ಮಧ್ಯಾಹ್ನ ಮನೆಯವರ ಕಣ್ಣು ತಪ್ಪಿಸಿ ನಮ್ಮ ಗುಡಿಸಲಿಗೆ ಬಂದಳು. ಅವ್ವ ಹಿಗ್ಗಿಹೋಗಿ, ಒರಳಲ್ಲಿ ಕುಟ್ಟಿದ ಶೇಂಗಾ ಹಿಂಡಿ ಚಟ್ನಿಯನ್ನು ಬಿಸಿ ರೊಟ್ಟಿಗೆ ಸವರಿ, ಎಣ್ಣೆ ಬಿಟ್ಟು ಕೊಟ್ಟಳು. ನೀಲಾ ಕೈ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಯವ್ವಾ, ಶೇಂಗಾ ತಿಂದ್ರ ನನ್ನ ಬಾಯಿ ಕೆರೀತದ."

"ಕೇಳಿದೇನ್ ಬೇ? ನಮ್ಮ ಕೈಯಾಂದು ತಿಂದ್ರ ಗೌಡ್ರ ಮಗಳ ಬಾಯಿ ಕೆರೀತದಂತ!" ಎಂದು ಅವ್ವ ನನ್ನತ್ತ ತಿರುಗಿ, ಅವಮಾನ ನುಂಗಿ ನಕ್ಕಳು. ನೀಲಾ ಅಳುತ್ತಾ ಓಡಿದಳು. ನಾನು ಅವಳ ಜೊತೆ ಮತ್ತೆಂದೂ ಮಾತಾಡಲಿಲ್ಲ.

ಅವಳ ಮನೆಯಂಗಳದಲ್ಲಿ ನಮ್ಮ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಅದು ಸುಳ್ಳಲ್ಲ, ಅದಕ್ಕೆ ಕ್ಷಮೆಯೂ ಇಲ್ಲ. ಅದೇ ಸಿಟ್ಟಿನಲ್ಲಿ ಈ ಹಿಂಡಿಯ ಕಥೆಯನ್ನೂ ಎಷ್ಟೋ ವೇದಿಕೆಗಳಲ್ಲಿ ಕೂಗಿ ಹೇಳಿದ್ದೇನೆ, ಜನ ಚಪ್ಪಾಳೆ ತಟ್ಟಿದ್ದಾರೆ. ಮೊಮ್ಮಗಳ ತುಟಿ ನೋಡಿದ ಮೇಲೆ ತಲೆ ಕೆಟ್ಟಿದೆ. ನೀಲಾ ಹೇಳಿದ್ದು ನಿಜವೇ? ಅಥವಾ ಮನೆಯಲ್ಲಿ ಕಲಿಸಿಕೊಟ್ಟ ನೆಪವೇ?

ನಾಡಿದ್ದು ಅಫಜಲಪುರದಲ್ಲಿ ದಲಿತ ಸಂಘದ ಸಭೆ. "ಅಕ್ಕಾರೇ, ಆ ಹಿಂಡಿ ಕಥಿ ಹೇಳಬೇಕ್ರಿ," ಎಂದು ಹುಡುಗರು ಫೋನ್ ಮಾಡಿದ್ದರು. ಹ್ಞೂಂ ಎಂದುಬಿಟ್ಟೆ. ಆ ಕಥೆಯನ್ನು ಈಗ ಅವ್ವನ ನಗುವಿಗೆ ನಿಲ್ಲಿಸಬೇಕೋ, ಮೊಮ್ಮಗಳ ತುಟಿಯವರೆಗೂ ಹೇಳಬೇಕೋ ತಿಳಿಯುತ್ತಿಲ್ಲ.