ಅರ್ಧ ರೇಟಿಗೆ ಸೀರೆ ಕೊಡುವವಳು ನಾನಲ್ಲ

ಮೊದಲು ಖರ್ಚು ಹೇಳಿಬಿಡುತ್ತೇನೆ. ದೀಪಾವಳಿಯ ಮುಂಚಿನ ಹನ್ನೊಂದು ದಿನದ ವ್ಯಾಪಾರ ಹೋಯಿತು. ಸೂರತ್‌ನಿಂದ ವಡೋದರಾಕ್ಕೆ ಎರಡು ಸಲ, ಅಲ್ಲಿಂದ ಅಹಮದಾಬಾದಿಗೆ ಒಂದು ಸಲ ರೈಲು ಹತ್ತಿದ್ದಾಯಿತು. ಒಂದು ದಪ್ಪ ಫೈಲು ತುಂಬುವಷ್ಟು ಪ್ರಿಂಟು ತೆಗೆಸಿದ್ದಾಯಿತು. ಅದರ ಮೇಲೆ, ಗಂಡನ ಮುಂದೆ ನಿಂತು "ನೀವು ಹೇಳಿದ್ದ ಖರೇ ಇತ್ರಿ" ಅನ್ನಬೇಕಾಯಿತು. ಕೊನೆಯದೇ ಎಲ್ಲಕ್ಕಿಂತ ದುಬಾರಿ. ಇಷ್ಟೆಲ್ಲ ಯಾಕೆಂದರೆ, ನನ್ನ ಹೆಸರಿನಲ್ಲಿ ಹೊಲಸು ಬರೆದವಳು ನಾನಲ್ಲ ಎಂದು ಒಬ್ಬ ಹುಡುಗಿಯನ್ನು ನಂಬಿಸುವುದಕ್ಕೆ.

ನಾನು ಗದಗ-ಬೆಟಗೇರಿಯವಳು. ಗಂಡನಿಗೆ ಸೂರತ್ ಪಕ್ಕದ ಸಚಿನ್ ಎಂಬ ಊರಿನ ಒಂದು ಬಟ್ಟೆ ಗಿರಣಿಯಲ್ಲಿ ಬಣ್ಣ ಹಾಕಿಸುವ ಮಾಸ್ತರಿಕೆ ಸಿಕ್ಕಿತೆಂದು ಸೂರತ್‌ಗೆ ಬಂದವಳು, ಮೊದಲ ವರ್ಷವೇ ಮಾರ್ಕೆಟ್ಟಿನಲ್ಲಿ ಸಣ್ಣ ಕಲೆ ಬಿದ್ದ ಸೀರೆಗಳ ಗಂಟು ಕೊಂಡು, ಬ್ಯಾಂಕು, ರೈಲ್ವೆ, ವಿಮೆ ಅಂತ ವರ್ಗವಾಗಿ ಬಂದ ಕನ್ನಡದ ಮನೆಗಳಿಗೆ ಮಾರಿದೆ. ಈಗ ಕಲೆ ಇಲ್ಲದ ಸೀರೆಗಳನ್ನೇ ಮಾರುತ್ತೇನೆ. ಸೂರತ್, ವಡೋದರಾ, ಅಹಮದಾಬಾದ್ ಮೂರೂ ಊರಲ್ಲಿ ಗಿರಾಕಿಗಳಿದ್ದಾರೆ. ಬಂಡವಾಳ ಅಂತ ಇದ್ದದ್ದು ನಾಲಿಗೆ ಒಂದೇ. ಅಕ್ಕಾ ಅನ್ನುವುದಕ್ಕೆ ಇಲ್ಲಿ ಬೆನ್ ಅನ್ನುತ್ತಾರೆ; "ಬೆನ್, ಫಿಕ್ಸ್ ರೇಟ್" ಎಂದು ಬೋರ್ಡು ತೋರಿಸಿದ ಅಂಗಡಿಯವರ ಬಳಿಯೇ ನನಗೆ ಹೆಚ್ಚು ಲಾಭವಾಗಿದೆ. ಬೋರ್ಡು ಬರೆಸಿದವರಿಗೆ ಚೌಕಾಸಿಯ ಅಭ್ಯಾಸ ತಪ್ಪಿರುತ್ತದೆ, ಬೇಗ ಸೋಲುತ್ತಾರೆ.

ಮಧ್ಯಾಹ್ನ ಊಟ ಮುಗಿಸಿ ಕನ್ನಡದ ಒಂದು ಧಾರಾವಾಹಿ ನೋಡುವುದು ನನ್ನ ಚಟ. ಹಿಂದಿನ ದಿನದ ಕಂತನ್ನು ಫೋನಿನಲ್ಲಿ ನೋಡುತ್ತೇನೆ. ಕಥೆಗಾಗಿ ಅಲ್ಲ, ಸೀರೆಗಳಿಗಾಗಿ. ಆ ಧಾರಾವಾಹಿಯ ಅಭಿಮಾನಿಗಳದೊಂದು ಹರಟೆಯ ತಾಣ ಇಂಟರ್ನೆಟ್ಟಿನಲ್ಲಿದೆ. ನಾವೆಲ್ಲ ಅದನ್ನು 'ಕಟ್ಟೆ' ಅನ್ನುತ್ತೇವೆ. ಅಲ್ಲಿ ಸೊಸೆಯ ಪಕ್ಷ, ನಾದಿನಿಯ ಪಕ್ಷ ಅಂತ ಎರಡು ಪಂಗಡ. ನಾನು ಯಾವ ಪಕ್ಷವೂ ಅಲ್ಲ. ದಿನವೂ ಒಂದೇ ಮಾತು ಬರೆಯುತ್ತಿದ್ದೆ: ಇವತ್ತು ಅತ್ತೆ ಉಟ್ಟದ್ದು ರೇಷ್ಮೆ ಅಲ್ಲ, ನಮ್ಮ ಸೂರತ್ ರಿಂಗ್ ರೋಡ್ ಮಾರ್ಕೆಟ್ಟಿನ ಮಾಲು, ಒಂದು ಒಗೆತಕ್ಕೆ ಅಂಚು ಮುದುರುತ್ತದೆ. ಸೊಸೆಯದು ಮಾತ್ರ ಅಸಲಿ ಇಳಕಲ್, ಆದರೆ ಸೆರಗು ಉಲ್ಟಾ ಹೊದಿಸಿದ್ದಾರೆ. ಜನರಿಗೆ ಇದು ಹಿಡಿಸಿತು. "ಸೀರೆ ಆಂಟಿ ಇನ್ನೂ ಬಂದಿಲ್ವಾ?" ಎಂದು ಕೇಳುವವರಾದರು. ವ್ಯಾಪಾರಕ್ಕೂ ಆಯಿತೆಂದು, ಗಿರಾಕಿಗಳಿಗೆ ಕಳಿಸುವ ವಾಟ್ಸಾಪ್‌ನಲ್ಲಿ ಇಟ್ಟಿದ್ದ ಹೆಸರು, ಮೆಣಸಿನಕಾಯಿ ಕೆಂಪಿನ ಇಳಕಲ್ ಸೀರೆಯ ಫೋಟೋ, ಎರಡನ್ನೂ ಕಟ್ಟೆಯಲ್ಲೂ ಇಟ್ಟೆ. ಗಂಡ ಆಗಲೇ ಹೇಳಿದ್ದರು, "ಅಂಗಡಿ ಬೋರ್ಡ್ ತಗೊಂಡು ಜಾತ್ರಿಗೆ ಹೋದಂಗಾತು. ಯಾರರ ಕಿತ್ಕೊಂಡು ತಮ್ಮ ಮನಿಗೆ ಹಾಕ್ಕೊಂಡ್ರ?" ನಾನು ಕೇಳಲಿಲ್ಲ.

ಕಟ್ಟೆಯ ಅಡ್ಮಿನ್ ವಡೋದರಾದಲ್ಲಿದ್ದರು. ಮೈಸೂರಿನ ಕಡೆಯ ಹೆಂಗಸು, ರೈಲ್ವೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನಗೆ ಅವರ ಪರಿಚಯವಿದ್ದದ್ದು ಅವರು ಹಾಕುವ ಸೂಚನೆಗಳಿಂದ ಮಾತ್ರ. "ನಾದಿನಿಯನ್ನು ಬೈಯಿರಿ, ನಾದಿನಿಯ ಪಾತ್ರ ಮಾಡುವ ಹುಡುಗಿಯನ್ನು ಬೈಯಬೇಡಿ" ಎಂದು ಕಟ್ಟೆಯ ನೆತ್ತಿಯ ಮೇಲೆ ಬರೆದಿಟ್ಟಿದ್ದರು. ಯಾರಾದರೂ ಮೀರಿದರೆ ಬರೆಹ ಮಾಯ. ಅದಕ್ಕೆ ವಿವರಣೆಯೂ ಇಲ್ಲ, ವಾದವೂ ಇಲ್ಲ. ದುಡ್ಡು ಬರದ ಕೆಲಸಕ್ಕೆ ಇಷ್ಟೊಂದು ಶಿಸ್ತು ಯಾಕಪ್ಪಾ ಎಂದು ನಾನು ನಕ್ಕದ್ದುಂಟು.

ಒಂದು ಬೆಳಗ್ಗೆ, ಕಟ್ಟೆಗೆ ಸೇರುವಾಗ ನಾನು ಕೊಟ್ಟಿದ್ದ ನಂಬರಿಗೆ ಅವರಿಂದಲೇ ಫೋನು. "ನೀವೇನಾ ಮಾತಾಡ್ತಿರೋದು? ಒಂದ್ನಿಮಿಷ ಏನಾದ್ರೂ ಮಾತಾಡ್ತಾ ಇರಿ, ನಿಮ್ಮ ದನಿ ಕೇಳ್ಬೇಕು," ಎಂದರು. ನಾನು ಗಾಬರಿಯಾಗಿ ಅಂಗಡಿ, ಸೀರೆ, ಸೆಕೆ ಅಂತ ಏನೇನೋ ಅಂದೆ. "ಸರಿ. ಈಗ ಕಟ್ಟೆ ತೆಗೆದು ನೋಡಿ. ಏನೂ ಬರೀಬೇಡಿ."

ನೋಡಿದೆ. ನನ್ನ ಹೆಸರು, ನನ್ನ ಕೆಂಪು ಸೀರೆ. ಕೆಳಗೆ ಒಬ್ಬ ಹುಡುಗಿಯ ಫೋಟೋ. ಮನೆಯ ಗೋಡೆಗೆ ಒರಗಿ, ಕೈಗಳನ್ನು ಪಕ್ಕಕ್ಕೆ ಚಾಚಿ ನಿಂತಿದ್ದಳು, ಸೀರೆ ಉಟ್ಟು. ಅದರ ಕೆಳಗೆ ನನ್ನ ಹೆಸರಿನಲ್ಲಿ, "ಈ ಬಣ್ಣಕ್ಕೆ ಈ ಸೀರೆ ಬೇಕಂತೆ. ಈ ತೋಳಿಗೆ ರವಿಕೆ ಹೊಲಿಯೋಕೆ ಎರಡು ಥಾನು ಬಟ್ಟೆ ಬೇಕು. ಮನೇಲಿ ಕನ್ನಡಿ ಇಲ್ವಾ?" ಇನ್ನೂ ಇತ್ತು, ಅದನ್ನು ಬರೆಯಲಾರೆ.

ಹುಡುಗಿ ಕಟ್ಟೆಯಲ್ಲಿ ನನಗೆ ಗೊತ್ತಿದ್ದವಳೇ. ತುಮಕೂರಿನ ಕಡೆಯವಳು, ಅಹಮದಾಬಾದಿನ ವಸ್ತ್ರಾಪುರದಲ್ಲಿ ಗೆಳತಿಯರ ಜೊತೆ ಫ್ಲಾಟು ಮಾಡಿಕೊಂಡು ಕಂಪನಿಯೊಂದರಲ್ಲಿ ದುಡಿಯುತ್ತಿದ್ದಳು. ಧಾರಾವಾಹಿಯ ಸೊಸೆ ಸೀರೆ ಉಡುವಂತೆ ತಾನೂ ಉಡುವುದು ಹೇಗೆಂದು ನನ್ನನ್ನು ಕೇಳುತ್ತಿದ್ದಳು. ಮುಖ ನೋಡಿರಲಿಲ್ಲ ಅಷ್ಟೇ. ಅಡ್ಮಿನ್ ಹೇಳಿದ ಪ್ರಕಾರ, ನನ್ನ ಹೆಸರು, ಫೋಟೋ ಕದ್ದು ಯಾರೋ ತೆರೆದ ಆ ನಕಲಿ ಖಾತೆ ಅವಳಿಗೆ ಖಾಸಗಿಯಾಗಿ, ಸೊಸೆಯ ಇಳಕಲ್ ಸೀರೆಯನ್ನು ನಿನಗೆ ಅರ್ಧ ರೇಟಿಗೆ ಕೊಡುತ್ತೇನೆ, ರವಿಕೆಯ ಅಳತೆ ಅಂದಾಜಿಗೆ ಒಂದು ಫೋಟೋ ಕಳಿಸು ಎಂದಿದೆ. ಆಂಟಿ ಅಲ್ಲವೇ ಎಂದು ಇವಳು ಕಳಿಸಿದ್ದಾಳೆ. ಅದು ಕಟ್ಟೆಯ ನಡುವೆ ಬಂದು ಬಿತ್ತು. "ಆಂಟಿ, ನಿಮ್ಮನ್ನ ನಂಬಿದ್ದೆ" ಎಂದು ಒಂದು ಸಾಲು ಬರೆದು ಅವಳು ಕಟ್ಟೆ ಬಿಟ್ಟು ಹೋಗಿದ್ದಳು. ಅವಳ ಆಫೀಸಿನ ಯಾರೋ ಅದನ್ನು ನೋಡಿದ್ದರಂತೆ. ಅವಳು ಕೆಲಸಕ್ಕೂ ಹೋಗುತ್ತಿರಲಿಲ್ಲ.

ಏನೂ ಬರೆಯಬೇಡಿ ಎಂದು ಅಡ್ಮಿನ್ ಹೇಳಿದ್ದರು. ನಾನು ಬರೆದೆ. ಇಪ್ಪತ್ತು ವರ್ಷ ಮಾರ್ಕೆಟ್ಟು ತಿರುಗಿದವಳು, ಮಾತಾಡಿದರೆ ಬಗೆಹರಿಯದ್ದು ಏನಿದೆ ಅಂದುಕೊಂಡೆ. ಆ ನಕಲಿಗೆ ನೇರವಾಗಿ, "ನಿಮಗ ಏನ್ ಬೇಕು ಹೇಳ್ರಿ. ಫೋಟೋ ತೆಗೀರಿ, ನಾ ಇನ್ನ ಇಲ್ಲಿ ಬರಿಯೂದಿಲ್ಲ. ಎಷ್ಟ ಬೇಕು ಅದೂ ಹೇಳ್ರಿ" ಎಂದು ಕಳಿಸಿದೆ. ಉತ್ತರ ಬರಲಿಲ್ಲ. ಅರ್ಧ ಗಂಟೆಯಲ್ಲಿ ನನ್ನ ಆ ಮಾತನ್ನೇ ಕತ್ತರಿಸಿ ಕಟ್ಟೆಗೆ ಹಾಕಿದ್ದರು. "ನಾ ಇನ್ನ ಇಲ್ಲಿ ಬರಿಯೂದಿಲ್ಲ. ಎಷ್ಟ ಬೇಕು ಅದೂ ಹೇಳ್ರಿ." ಅಷ್ಟೇ ಉಳಿದಿತ್ತು. ತಪ್ಪು ಒಪ್ಪಿಕೊಂಡು, ಬಾಯಿ ಮುಚ್ಚಿಸಲು ದುಡ್ಡು ಕೊಡಲು ಹೊರಟವಳ ಹಾಗೆ ಕಾಣುತ್ತಿತ್ತು.

ಮರುದಿನವೇ ವಡೋದರಾದ ರೈಲು ಹತ್ತಿದೆ.

ಅಡ್ಮಿನ್ ಅಮ್ಮ ಅಂದರೆ ಎತ್ತರದ, ಕಟ್ಟುನಿಟ್ಟಿನ ಹೆಂಗಸು ಅಂದುಕೊಂಡಿದ್ದೆ. ಬಾಗಿಲು ತೆಗೆದವರು ನನ್ನ ಭುಜಕ್ಕೂ ಬಾರದ ಗುಬ್ಬಚ್ಚಿ. ಊಟದ ಮೇಜಿನ ಒಂದು ಬದಿ ಅನ್ನ ಸಾರಿಗೆ, ಇನ್ನೊಂದು ಬದಿ ಕಟ್ಟೆಗೆ. ಕಂಪ್ಯೂಟರಿನ ಪಕ್ಕ ಉದ್ದನೆಯ ನೋಟ್‌ಬುಕ್ಕು, ಕೆಂಪು ನೀಲಿ ಪೆನ್ನುಗಳು. ಕಾಫಿ ಕೊಟ್ಟ ಮೇಲೆಯೇ ಬೈದರು.

"ಬರೀಬೇಡಿ ಅಂದ್ನಲ್ಲಾ, ಕಿವಿ ಕೇಳ್ಸಲ್ವಾ ನಿಮ್ಗೆ?"

"ಮಾತಾಡಿ ಮುಗಿಸೂಣು ಅಂದ್ಕೊಂಡೆ, ಅಕ್ಕಾರ. ಚೌಕಾಸಿ ಮಾಡಿದ್ರ ಎಂಥಾವ್ನೂ ದಾರಿಗೆ ಬರ್ತಾನ."

"ಅವನಿಗೆ ಮಾರೋಕೆ ಏನಿದೆ ಅಂತ ಚೌಕಾಸಿಗೆ ಕೂತ್ರಿ? ನಿಮ್ಮ ಮಾರ್ಕೆಟ್ಟಲ್ಲಿ ಅಂಗಡಿಯೋನಿಗೂ ಮಾಲು ಹೋಗ್ಬೇಕು, ನಿಮ್ಗೂ ಮಾಲು ಬೇಕು. ಇವನಿಗೆ ಬೇಕಾಗಿರೋದು ನಿಮ್ಮ ಸಂಕಟ. ಅದನ್ನ ನೀವೇ ಪುಕ್ಕಟೆ ಕೊಟ್ಟು ಬಂದ್ರಿ."

ವ್ಯಾಪಾರದ ವಿಷಯದಲ್ಲಿ ಯಾರೂ ನನಗೆ ಹೀಗೆ ಪಾಠ ಹೇಳಿರಲಿಲ್ಲ.

ಅವರು ಅಷ್ಟರಲ್ಲಿ ಮಾಡಿ ಮುಗಿಸಿದ್ದ ಕೆಲಸ ತೋರಿಸಿದರು. ಪ್ರತಿ ಸಾಲನ್ನೂ ಅಳಿಸುವ ಮೊದಲು ದಿನ, ಗಂಟೆ, ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿದ್ದರು. ಆಮೇಲೆ ಫೋಟೋ ಇಳಿಸಿ ನಕಲಿ ಖಾತೆಯನ್ನು ಹೊರಗೆ ಹಾಕಿದ್ದರು. ಫೋಟೋ ಬೇರೆ ಎರಡು ಕಡೆ ಹೋಗಿರುವುದನ್ನು ಹುಡುಕಿ ಹಿಡಿದಿದ್ದರು. ಅದನ್ನು ಅಲ್ಲಿಂದ ತೆಗೆಸಲು ಹುಡುಗಿಯೇ ದೂರು ಕೊಡಬೇಕಿತ್ತು. ಆದರೆ ಅವಳು ಅಡ್ಮಿನ್ ಅಮ್ಮನನ್ನೂ ನಂಬುತ್ತಿರಲಿಲ್ಲ. ಖಾತೆ ಹೊಸದು ಎಂದು ತೋರಿಸಿದ್ದಕ್ಕೆ, "ಆ ಆಂಟಿನೇ ಇನ್ನೊಂದು ಖಾತೆ ಮಾಡ್ಕೊಂಡಿರ್ತಾರೆ" ಅಂದಿದ್ದಳು. ಅದೂ ಸರಿಯೇ ತಾನೆ?

"ನಾನು ಎಕ್ಸ್‌ಚೇಂಜಲ್ಲಿದ್ದಾಗ ಹಲೋ ಅನ್ನೋದ್ರೊಳಗೆ ಯಾವ ಸ್ಟೇಷನ್ ಮಾಸ್ಟ್ರು ಅಂತ ಹೇಳ್ತಿದ್ದೆ," ಎಂದರು. "ಬರೆಯೋದ್ರಲ್ಲೂ ದನಿ ಇರತ್ತೆ ಕಣ್ರೀ. ನಿಮ್ಮ ಮೂರು ವರ್ಷದ್ದೆಲ್ಲಾ ಓದ್ದೆ."

"ಎಲ್ಲಾ?"

"ಎಲ್ಲಾ. ಸೀರೆ ಬಗ್ಗೆ ಇಷ್ಟೊಂದು ಸಿಟ್ಟು ಮಾಡ್ಕೊಳೋರನ್ನ ನಾನು ಕಂಡಿಲ್ಲ."

ಭಾನುವಾರ ಬೆಳಗ್ಗೆ ನಾನು ಮತ್ತೆ ವಡೋದರಾಕ್ಕೆ ಹೋಗಿ, ಅಲ್ಲಿಂದ ಇಬ್ಬರೂ ಅಹಮದಾಬಾದಿಗೆ ಹೋದೆವು. ಫ್ಲಾಟಿಗೆ ಬರಬೇಡಿ, ವಸ್ತ್ರಾಪುರದ ಕೆರೆಯ ಹತ್ತಿರ ಬರುತ್ತೇನೆ ಎಂದಿದ್ದಳು ಹುಡುಗಿ. ಗೆಳತಿಯೊಬ್ಬಳನ್ನು ಜೊತೆಗೆ ಕರೆತಂದಿದ್ದಳು. ಸೆಕೆಯಲ್ಲೂ ಮೊಣಕೈ ದಾಟಿ ಮಣಿಕಟ್ಟಿನವರೆಗೆ ತೋಳು ಮುಚ್ಚುವ ಅಂಗಿ ತೊಟ್ಟಿದ್ದಳು. ಅದನ್ನು ನೋಡಿ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಡ್ಮಿನ್ ಅಮ್ಮ ನನ್ನ ಕೈ ಅದುಮಿದರು.

"ಇವರನ್ನ ನಂಬು ಅಂತ ನಾನು ಹೇಳಲ್ಲಮ್ಮ," ಎಂದು ಹುಡುಗಿಯ ತೊಡೆಯ ಮೇಲೆ ಫೈಲು ಇಟ್ಟರು. "ಇದು ಇವರು ಬರೆದಿರೋದು. ನೀಲಿ ಗೆರೆ ಹಾಕಿರೋದು ಮಾತ್ರ ಓದು. ಯಾರೋ ಸೀರೆ ರೇಟ್ ಕೇಳಿದಾಗೆಲ್ಲಾ ಏನಂದಿದ್ದಾರೆ ನೋಡು."

ಹುಡುಗಿ ಓದಿದಳು. ಒಂದೊಂದು ಹಾಳೆಯಲ್ಲೂ ಒಂದೊಂದು ನೀಲಿ ಗೆರೆ. "ನೀವು ಎಷ್ಟಕ್ಕೆ ತಗೋತೀರಿ, ಮೊದಲು ನೀವು ಹೇಳಿ." "ರೇಟು ಆಮೇಲೆ, ಬಜೆಟ್ ಎಷ್ಟು?" "ಕಡಿಮೆ ಆಗಲ್ಲ, ಬೇಕಾದರೆ ಫಾಲ್ಸ್ ಹಚ್ಚಿ ಕೊಡುತ್ತೇನೆ." ಮೂರು ವರ್ಷದಲ್ಲಿ ಒಂದೇ ಒಂದು ಸಲವೂ ನಾನಾಗಿ ರೇಟು ಹೇಳಿಲ್ಲ. ಅದು ನನಗೇ ಗೊತ್ತಿರಲಿಲ್ಲ.

"ನೀನು ಕೇಳೋಕ್ಕೆ ಮುಂಚೆನೇ ಅರ್ಧ ರೇಟಿಗೆ ಕೊಡ್ತೀನಿ ಅನ್ನೋ ಹೆಂಗಸಾ ಇವರು?" ಎಂದು ಅಡ್ಮಿನ್ ಅಮ್ಮ ಕೇಳಿದರು.

ಹುಡುಗಿ ನನ್ನ ಮುಖ ನೋಡಿದಳು. ಮತ್ತೆ ಹಾಳೆ ನೋಡಿದಳು. "ಹೋದ ವರ್ಷ... ಪಿನ್ನು ಚುಚ್ಚಿ ತೂತಾಗಿರೋ ಸೀರೆಗೂ ಹತ್ತು ರೂಪಾಯಿ ಇಳ್ಸಿಲ್ಲ ಇವ್ರು, ಯಾರಿಗೋ," ಎಂದಳು ಮೆಲ್ಲಗೆ.

"ಆ ತೂತು ನೆರಿಗಿ ಒಳಗ ಹೋಗ್ತಿತ್ತವ್ವಾ!" ಎಂದೆ ನಾನು. ತಡೆಯಲಾಗಲಿಲ್ಲ.

ಅವಳ ಗೆಳತಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಮೊದಲು ನಕ್ಕವಳು ಅವಳೇ. ಆಮೇಲೆ ಹುಡುಗಿ ನಕ್ಕಳು, ನಗುತ್ತಲೇ ಅತ್ತಳು. "ಸಾರಿ ಆಂಟಿ" ಎಂದಳು. ಅವಳು ಯಾಕೆ ಸಾರಿ ಅನ್ನಬೇಕು? ನಾನು ಅವಳ ತಲೆ ಸವರಿದೆ.

ಮುಂದಿನದೆಲ್ಲ ಅಡ್ಮಿನ್ ಅಮ್ಮನ ಕೆಲಸ. ಸೈಬರ್ ಪೊಲೀಸರ ಹತ್ತಿರ ಹುಡುಗಿಯನ್ನು ಕೂರಿಸಿಕೊಂಡು, ಪ್ರತಿ ಪ್ರಶ್ನೆಗೂ ಹಾಳೆಯ ನಂಬರು ಹೇಳಿ ತೋರಿಸಿದರು. "ಇಷ್ಟು ಜೋಡಿಸಿ ತರೋರು ಕಡಿಮೆ, ಬೆನ್" ಎಂದು ಅಲ್ಲಿನವರು ಚಹಾ ತರಿಸಿದರು. ಉಳಿದ ಎರಡು ತಾಣಗಳಲ್ಲಿ ಒಂದು ಬೇಗ ಫೋಟೋ ತೆಗೆಯಿತು. ಇನ್ನೊಂದು ಮೊದಲ ಅರ್ಜಿಗೆ ಆಗುವುದಿಲ್ಲ ಎಂದಿತು. ನಾನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಅದೇ ಅರ್ಜಿಯನ್ನು ಹುಡುಗಿಯ ಗುರುತಿನ ಚೀಟಿ ಸೇರಿಸಿ ಮತ್ತೆ ಹಾಕಿಸಿದರು. ಹನ್ನೊಂದನೆಯ ದಿನ ಅದೂ ಹೋಯಿತು. ಮಾಡಿದವರು ಯಾರೆಂದು ಇನ್ನೂ ತಿಳಿದಿಲ್ಲ. ನನಗೆ ಅವನ ಮುಖ ನೋಡಬೇಕಿತ್ತು. "ನಿಮಗೆ ಅವನ ಮುಖ ಬೇಕು. ನಂಗೆ ಈ ಹುಡುಗಿ ಸೋಮವಾರ ಆಫೀಸಿಗೆ ಹೋಗಬೇಕು. ಎರಡ್ರಲ್ಲಿ ಒಂದು ನಮ್ಮ ಕೈಲಿದೆ," ಎಂದರು ಅಡ್ಮಿನ್ ಅಮ್ಮ.

ಅವಳು ಆ ಸೋಮವಾರ ಹೋಗಲಿಲ್ಲ. ಮುಂದಿನ ಸೋಮವಾರ ಹೋದಳು.

ದುಡ್ಡಿಲ್ಲದೆ ಯಾರೂ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಎಂದು ನಾನು ಎಷ್ಟೋ ಜನರಿಗೆ ಅಧಿಕಾರದಿಂದ ಹೇಳಿದ್ದೆ. ಆ ಮೇಜು, ಆ ನೀಲಿ ಗೆರೆಗಳನ್ನು ನೋಡಿದ ಮೇಲೆ ಆ ಮಾತು ಬಿಟ್ಟಿದ್ದೇನೆ. ಮೂರು ವರ್ಷದ ನನ್ನ ಹರಟೆಯನ್ನು, ಅದರಲ್ಲೂ ಸೀರೆಯ ಅಂಚಿನ ಮೇಲಿನ ಜಗಳಗಳನ್ನು, ಒಂದೂ ಬಿಡದೆ ಓದುವ ತಾಳ್ಮೆಗೆ ಯಾವ ಮಾರ್ಕೆಟ್ಟಿನಲ್ಲಿ ರೇಟು ಕಟ್ಟುತ್ತಾರೆ?

ಈಗ ನಿಮಗೆ ಹೇಳುವುದು ಇಷ್ಟು. ಸಿಟ್ಟು ಬಂದಾಗ ಮೊದಲು ಬೆರಳು ಉತ್ತರದ ಕಡೆ ಹೋಗುತ್ತದೆ, ಅದನ್ನು ತಡೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಹೆಸರು, ದಿನ, ಗಂಟೆ, ಮೇಲಿನ ವಿಳಾಸ ಎಲ್ಲ ಕಾಣಬೇಕು. ಅಳಿಸುವುದು ಆಮೇಲೆ. ನನ್ನ ಹಾಗೆ ರಾಜಿಗೆ ಹೋಗಬೇಡಿ, ನೀವು ಬರೆದ ಪ್ರತಿ ಅಕ್ಷರವೂ ಅವನ ಕತ್ತರಿಗೆ ಬಟ್ಟೆ. ಹರಟೆಗೆ ಒಂದು ಹೆಸರು-ಫೋಟೋ, ವ್ಯವಹಾರಕ್ಕೆ ಇನ್ನೊಂದು ಇರಲಿ. ಪರಿಚಯದವರೇ ಫೋಟೋ ಕೇಳಿದರೂ ಕಳಿಸುವ ಮೊದಲು ಒಂದು ಫೋನು ಮಾಡಿ ದನಿ ಕೇಳಿ. ಫೋನು ಎತ್ತದಿದ್ದರೆ ಕಳಿಸಬೇಡಿ. ದೂರು ಕೊಡಲು ಒಬ್ಬರೇ ಹೋಗಬೇಡಿ, ಕಾಗದ ಜೋಡಿಸಿಕೊಂಡು ಇಬ್ಬರು ಹೋಗಿ. ಒಂದು ಅರ್ಜಿ ತಿರಸ್ಕಾರವಾದರೆ ಎರಡನೆಯದು ಹಾಕಿ. ಇನ್ನೊಂದು ಮಾತು: ನೀವು ಹರಟುವ ಕಟ್ಟೆಯನ್ನು ಯಾರೋ ಒಬ್ಬರು ಗುಡಿಸಿ ಇಟ್ಟಿರುತ್ತಾರೆ. ಅವರು ಯಾರು, ಎಲ್ಲಿಯವರು ಎಂದು ಗೊತ್ತುಮಾಡಿಕೊಳ್ಳಿ. ತೊಂದರೆ ಬರುವ ಮೊದಲೇ, ಈ ವಾರದಲ್ಲೇ, ಅವರಿಗೊಂದು ನಮಸ್ಕಾರ ಬರೆದು ಕಳಿಸಿ.