ಆರನೇ ಕ್ಲಾಸಿನ ಕಲೆಕ್ಟರ್

ನಮಿತಾ ಟೀಚರ್ ಕುರ್ಚಿಯಲ್ಲಿ ಕೂತದ್ದನ್ನು ಕಂಡವರಿದ್ದರೆ ಕೈ ಎತ್ತಲಿ. ಯಾರೂ ಎತ್ತುವುದಿಲ್ಲ, ನನಗೆ ಗೊತ್ತು. ಕಾಸರಗೋಡು ಜಿಲ್ಲೆಯ ಬಂದ್ಯೋಡಿನಿಂದ ಕುಂಜತ್ತೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವಳು ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿರುತ್ತಾಳೆ. ಮನೆಯಲ್ಲಿ ಚಹಾ ಕುಡಿಯುವುದೂ ಅಂಗಳಕ್ಕೂ ಅಡುಗೆಮನೆಗೂ ನಡೆದಾಡುತ್ತಲೇ. "ಇವಳ ಕಾಲಿಗೆ ಚಕ್ರ ಕಟ್ಟಿಯೇ ತವರಿನವರು ಕಳಿಸಿದ್ದು ಮಾರಾಯ್ರೆ" ಎಂದು ಅತ್ತೆ ಲೋಲಾಕ್ಷಿ ಮದುವೆಯಾದ ವರ್ಷವೇ ಹೇಳಿದ್ದರು. ಮಗ ಲತೀಶ್ ಶಾರ್ಜಾದಲ್ಲಿರುವುದರಿಂದ ಈ ದೂರನ್ನು ಅಕ್ಕಪಕ್ಕದವರೇ ಕೇಳಬೇಕು.

ಚಕ್ರ ಕಟ್ಟಿದ್ದು ತವರಿನವರಲ್ಲ, ಅವಳ ಕೆಲಸ. ನಮಿತಾ ದಿನಗೂಲಿ ಟೀಚರ್. ಜೂನ್‌ನಲ್ಲಿ ಸಂದರ್ಶನ ಮಾಡಿ ಒಳಗೆ ಕರೆಯುತ್ತಾರೆ, ಮಾರ್ಚ್‌ನಲ್ಲಿ "ಆಯ್ತು ಟೀಚರೇ, ಕಾಣುವ" ಎಂದು ಹೊರಗೆ ಕಳಿಸುತ್ತಾರೆ. ಎಂಟು ವರ್ಷಗಳಲ್ಲಿ ಎಂಟು ಶಾಲೆ. ಪಿಎಸ್‌ಸಿ ಖಾಯಂ ನೇಮಕದ ಪಟ್ಟಿಯಲ್ಲಿ ಒಮ್ಮೆ ಹೆಸರು ಬಂದಿತ್ತು. ಅವಳ ಸರದಿ ಬರುವ ಮೊದಲೇ ಪಟ್ಟಿಯ ಅವಧಿ ಮುಗಿದುಹೋಯಿತು. ಒಂದು ಕ್ಲಾಸಿನ ಮಕ್ಕಳ ಹೆಸರು, ಅವರ ಮನೆಯ ನಾಯಿಯ ಹೆಸರು, ಯಾರಿಗೆ ಹೊಟ್ಟೆನೋವು ನಿಜ, ಯಾರಿಗೆ ಸುಳ್ಳು ಎಂಬುದೆಲ್ಲ ತಿಳಿಯುವ ಹೊತ್ತಿಗೆ ಚೀಲ ಕಟ್ಟಬೇಕು. ಆರನೇ ಕ್ಲಾಸಿನಲ್ಲಿ ಕಲಿಸಿದ ಮಕ್ಕಳನ್ನು ಏಳನೇ ಕ್ಲಾಸಿನಲ್ಲೂ ನೋಡಬೇಕು ಎಂಬುದು ಅವಳ ಆಸೆ. ಅಷ್ಟೇ. ಅಷ್ಟೂ ಎಂಟು ವರ್ಷಗಳಲ್ಲಿ ಕೈಗೂಡಿರಲಿಲ್ಲ.

ಈ ವರ್ಷ ಮಾತ್ರ ಸಣ್ಣದೊಂದು ದಾರಿ ತೆರೆದಿತ್ತು. ಕುಂಜತ್ತೂರಿನ ಹತ್ತಿರದ ಈ ಕನ್ನಡ ಶಾಲೆಯ ಖಾಯಂ ಇಂಗ್ಲಿಷ್ ಟೀಚರ್ ವಿದೇಶಕ್ಕೆ ಹೋದವರು ಇನ್ನೊಂದು ವರ್ಷ ರಜೆ ಮುಂದುವರಿಸುವುದು ಖಚಿತವಾಗಿತ್ತು. ಸಂದರ್ಶನದಲ್ಲಿ ಹೆಡ್‌ಮಾಷ್ಟ್ರು ಮಹೇಶ್ವರರ ಮಾತೇ ಕೊನೆಯ ಮಾತು. ಅವರು ಮೊದಲ ದಿನವೇ ಹೇಳಿದ್ದರು, "ನಮ್ಮ ಮಕ್ಕಳು ಇಂಗ್ಲಿಷಲ್ಲಿ ಎರಡು ವಾಕ್ಯ ಬಾಯಿಬಿಟ್ಟರೆ ಸಾಕು ಟೀಚರೇ. ಬರುವ ವರ್ಷವೂ ನೀವೇ. ನಾನು ಉಂಟಲ್ಲ?"

ಬಾಯಿ ಬಿಡಿಸುವುದು ಹೇಗೆ, ಅದೇ ಕಷ್ಟ. ಹಬ್ಬ ಮತ್ತು ರಜೆಗಳ ಸುತ್ತ ಪಾಠ ಮಾಡಿ, ಮಕ್ಕಳು ಖುಷಿಯಲ್ಲಿ ಮಾತಾಡುತ್ತಾರೆ ಎಂದು ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ಹೇಳುವವರಿಗೇನು! ಕಳೆದ ವರ್ಷ ನಾಯ್ಮಾರ್ಮೂಲೆ ಕಡೆಯ ಶಾಲೆಯಲ್ಲಿ ಕ್ರಿಸ್ಮಸ್ ಪಾಠಕ್ಕೆಂದು ಅವಳು ರಾತ್ರಿಯಿಡೀ ಥರ್ಮಾಕೋಲ್ ಉದುರಿಸಿ ಹಿಮ ಮಾಡಿದ್ದಳು. "ಇದು ಎಂತ ಟೀಚರ್, ಫ್ರಿಜ್ಜಿನ ಒಳಗಿನದ್ದಾ?" ಎಂದು ಒಬ್ಬ ಕೇಳಿದ, ಪಾಠ ಅಲ್ಲಿಗೇ ಮುಗಿಯಿತು. ಇಲ್ಲಿ ಬಕ್ರೀದ್ ಪಾಠವನ್ನು ಬಿರಿಯಾನಿಯಿಂದ ಶುರುಮಾಡಿದಳು. ಮಕ್ಕಳು ಬಿರಿಯಾನಿಯ ವಿಷಯವನ್ನು ತುಳುವಿನಲ್ಲೂ ಬ್ಯಾರಿಯಲ್ಲೂ ಕನ್ನಡದಲ್ಲೂ ಬಾಯಿ ತುಂಬ ಮಾತಾಡಿದರು, ಇಂಗ್ಲಿಷಲ್ಲಿ ಒಂದಕ್ಷರವಿಲ್ಲ. ಓಣಂ ಪಾಠವನ್ನು ಮುಂಚಿತವಾಗಿಯೇ ತೆಗೆದರೆ ಮೂವತ್ತೊಂದು ಮಕ್ಕಳೂ ಒಂದೇ ರಾಗದಲ್ಲಿ, "ವೀ ಮೇಕ್ ಫ್ಲವರ್ ಕಾರ್ಪೆಟ್" ಎಂದು ಒಪ್ಪಿಸಿದರು. "ನಿಮ್ಮ ಮನೆಯಲ್ಲಿ ಯಾರು ಮಾಡ್ತೀರಿ?" ಎಂದು ಕೇಳಿದರೆ ಎದ್ದದ್ದು ಎರಡೇ ಕೈ. ಉಳಿದವರಿಗೆ ಹೂವಿನ ಕಾರ್ಪೆಟ್ಟು ಶಾಲೆಯಲ್ಲಿ ಮಾತ್ರ ಇರುವ ವಸ್ತು.

ಅವರಲ್ಲೂ ಯಶ್ಮಿತಾ ಎಂಬ ಹುಡುಗಿಯದ್ದು ಬೇರೆಯೇ ಕತೆ. ಕಿಟಕಿ ಪಕ್ಕದ ಕೊನೆಯ ಬೆಂಚು. ಆಟದ ಬಯಲಿನಲ್ಲಿ ಅವಳ ತುಳು ಕೇಳಿದರೆ ಕಾಗೆಯೂ ಹಾರಿಹೋಗಬೇಕು. ಇಂಗ್ಲಿಷ್ ಪೀರಿಯಡ್ ಬಂತೋ, ಬಾಯಿಗೆ ಬೀಗ. ಜೂನ್ ಪೂರ್ತಿ, ಜುಲೈ ಅರ್ಧ, ತನ್ನ ಹೆಸರನ್ನೂ ಇಂಗ್ಲಿಷಲ್ಲಿ ಹೇಳಲಿಲ್ಲ ಆ ಹುಡುಗಿ. ನಮಿತಾಳಿಗೆ ಅದು ಊಟ ಮಾಡುವಾಗಲೂ ಕೊರೆಯುತ್ತಿತ್ತು.

ಜುಲೈ ತಿಂಗಳ ಒಂದು ಸೋಮವಾರ. ಬೆಳಗ್ಗಿನಿಂದ ಒಂದೇ ಸಮನೆ ಮಳೆ. ಪಾಠದ ಕಡೆ ಯಾರಿಗೂ ಗಮನವಿಲ್ಲ, ಎಲ್ಲರ ಕಣ್ಣೂ ಕಿಟಕಿಯ ಹೊರಗೆ. ಮೊದಲ ಬೆಂಚಿನ ಭವಿತ್ ತಡೆಯಲಾರದೆ ಕೇಳಿಯೇ ಬಿಟ್ಟ.

"ಟೀಚರೇ, ನಾಳೆ ಕಲೆಕ್ಟರ್ ರಜೆ ಕೊಡ್ತಾರಾ?"

"ನನ್ನ ಹತ್ರ ಕೇಳಿದ್ರೆ ಎಂತ ಮಾಡುದು?"

"ಅಲ್ಲ ಟೀಚರ್, ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ ಡಿಸಿ ಇವತ್ತೇ ರಜೆ ಕೊಟ್ಟಿದ್ದಾರೆ. ನನ್ನ ಮಾವನ ಮಕ್ಕಳು ಮನೆಯಲ್ಲಿ ಹಲಸಿನ ಹಪ್ಪಳ ತಿಂತಾ ಕೂತಿದ್ದಾರೆ. ಅವರಿಗೂ ನಮಗೂ ಒಂದೇ ಮಳೆ ಅಲ್ವಾ?"

ಕ್ಲಾಸಿಗೆ ಕ್ಲಾಸೇ ಹೌದು ಹೌದು ಎಂದು ಎದ್ದು ನಿಂತಿತು. ನಡೆದಾಡುತ್ತಿದ್ದ ನಮಿತಾ ಅಲ್ಲೇ ನಿಂತಳು. ಅಯ್ಯೋ ದೇವರೇ, ಒಂದೂವರೆ ತಿಂಗಳಿಂದ ಹಬ್ಬ ಹುಡುಕಿ ಹುಡುಕಿ ಸುಸ್ತಾದೆನಲ್ಲ, ಈ ಮಕ್ಕಳ ನಿಜವಾದ ಹಬ್ಬ ಇದೇ ಅಲ್ಲವೇ ಎಂದುಕೊಂಡಳು. ಬೇಡಿಕೊಂಡು, ಕಾದು, ಸಂಜೆ ಫೋನ್ ಹಿಡಿದು ಕೂರುವ ಹಬ್ಬ. ರಜೆ ಕೊಟ್ಟರೆ ದಿನಗೂಲಿಯವಳಿಗೆ ಆ ದಿನದ ಸಂಬಳ ಇಲ್ಲ, ಅದು ಬೇರೆ ಮಾತು.

ಅವಳು ಎಂದೂ ಕೂರದ ಕುರ್ಚಿಯನ್ನು ಎಳೆದು ನಡುವೆ ಇಟ್ಟಳು. "ಇದು ಕಲೆಕ್ಟರ್ ಕುರ್ಚಿ. ಬಂದು ಕೂತವರು ರಜೆ ಕೊಡಬಹುದು. ಎಷ್ಟು ಬೇಕಾದರೂ ಕೊಡಿ. ಆದರೆ ಯಾಕೆ ಅಂತ ಹೇಳಬೇಕು, ಇಂಗ್ಲಿಷಲ್ಲೇ ಹೇಳಬೇಕು."

ಅಬ್ಬ, ಆ ನೂಕುನುಗ್ಗಲು! ಭವಿತ್ ಓಡಿಬಂದು ಕೂತು, "ಟುಮಾರೋ ಹಾಲಿಡೇ, ಬಿಕಾಸ್ ಮೈ ಅಂಕಲ್ ಕಮಿಂಗ್ ಫ್ರಂ ದುಬೈ" ಎಂದ. ಎರಡನೇ ಬೆಂಚಿನ ಹುಡುಗಿಯೊಬ್ಬಳು ತನ್ನ ಮನೆಯ ದನ ಕರು ಹಾಕುವುದಕ್ಕೆ ಮೂರು ದಿನ ಕೊಟ್ಟಳು. ವಿಘ್ನೇಶ ಎಲ್ಲರಿಗೂ ರಜೆ ಕೊಟ್ಟು, "ನೋ ಹಾಲಿಡೇ ಫಾರ್ ಹೆಡ್‌ಮಾಸ್ಟರ್" ಎಂದಾಗ ನಗು ಆಫೀಸಿನವರೆಗೂ ಕೇಳಿರಬೇಕು. ಕೊನೆಗೆ ಯಶ್ಮಿತಾಳ ಸರದಿ. ಅವಳು ಬಂದಳು, ಕೂತಳು, ಕುರ್ಚಿಯ ಎರಡೂ ಕೈ ಹಿಡಿದಳು, ತುಟಿ ಅಲುಗಿಸಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಮಿತಾಳಿಗೆ ಆ ಗಂಟೆಯನ್ನೇ ಕಿತ್ತು ಎಸೆಯುವಷ್ಟು ಸಿಟ್ಟು ಬಂತು.

ಸಂಜೆ ಆರು ಗಂಟೆಗೆ ಬಂದ್ಯೋಡಿನ ಮನೆಯಲ್ಲಿ ಫೋನ್ ಟಿಣ್ ಎಂದಿತು. ಯಶ್ಮಿತಾಳ ತಾಯಿಯ ನಂಬರಿನಿಂದ ಒಂದು ಧ್ವನಿ ಸಂದೇಶ. ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದು, ಮುಂದೆ ಒಂದು ಸ್ಪಷ್ಟ ದನಿ.

"ಗುಡ್ ಈವ್ನಿಂಗ್. ಐ ಆಮ್ ಕಲೆಕ್ಟರ್ ಆಫ್ ಕಾಸರಗೋಡು. ಹೆವಿ ರೈನ್. ಟುಮಾರೋ ಆಲ್ ಸ್ಕೂಲ್ಸ್ ಹಾಲಿಡೇ. ಡೋಂಟ್ ಗೋ ನಿಯರ್ ರಿವರ್. ಡೋಂಟ್ ಗೋ ನಿಯರ್ ಸೀ. ಪ್ಲೀಸ್ ಸಿಟ್ ವಿತ್ ಯುವರ್ ಮದರ್."

ನಮಿತಾ ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಲೋಲಾಕ್ಷಿಗೂ ಕೇಳಿಸಿದಳು. ಅವರಿಗೆ ಅರ್ಥವಾಗದಿದ್ದರೂ "ಎಷ್ಟು ಗತ್ತಿನಲ್ಲಿ ಮಾತಾಡ್ತಾಳೆ!" ಎಂದರು. ಸಂತೋಷ ತಡೆಯಲಾಗಲಿಲ್ಲ ನಮಿತಾಳಿಗೆ. ಇಡೀ ಶಾಲೆ ಕೇಳಬೇಕು ಇದನ್ನು ಅನ್ನಿಸಿತು. ಹೆತ್ತವರ ಗ್ರೂಪಿಗೆ ಅದನ್ನು ಹಾಕಿ ಕೆಳಗೆ ಬರೆದಳು: "ನಾಳೆ ರಜೆ! ನಮ್ಮ ಹೊಸ ಕಲೆಕ್ಟರ್ ಹೇಳಿದ್ದಾರೆ, ಕೇಳಿ." ಐದು ನಿಮಿಷದಲ್ಲಿ ಕರೆಂಟು ಹೋಯಿತು, ಸ್ವಲ್ಪ ಹೊತ್ತಿನಲ್ಲಿ ನೆಟ್‌ವರ್ಕೂ ಹೋಯಿತು. ಯಾರು ಕೇಳಿದರು, ಏನೆಂದರು ಎಂದು ತಿಳಿಯದೆ ಅವಳು ಜಗಲಿಯ ಉದ್ದಕ್ಕೂ ಅಡ್ಡಾಡಿದಳು. "ಒಮ್ಮೆ ಕೂತ್ಕೊ ಮಾರಾಯ್ತಿ, ನನಗೆ ತಲೆ ತಿರುಗ್ತದೆ" ಎಂದು ಲೋಲಾಕ್ಷಿ ಗದರಿದರು.

ಮಳೆಗಾಲದ ಸಂಜೆ, ನೆಟ್‌ವರ್ಕ್ ಇದ್ದ ಶಾಲೆಯ ಕಡೆ, "ನಾಳೆ ರಜೆ" ಮತ್ತು "ಕಲೆಕ್ಟರ್" ಎಂಬ ಮೂರು ಶಬ್ದ ಕಂಡವರು ನಾಲ್ಕನೆಯದನ್ನು ಓದುತ್ತಾರೆಯೇ? ಯಾರೂ ಓದಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಕಳಿಸಿದರು, ಶಾಲೆಯ ವ್ಯಾನಿನವನು ಡೀಸೆಲ್ ಹಾಕಿಸದೆ ಮಲಗಿದ.

ಬೆಳಗ್ಗೆ ನೋಡಿದರೆ ಚೆಂದದ ಬಿಸಿಲು. ಹೆದ್ದಾರಿ ಕೆಲಸದ ಕೆಸರು ದಾಟಿ ನಮಿತಾ ಶಾಲೆಗೆ ಬಂದಾಗ ಗೇಟಿನಲ್ಲಿ ಒಂದು ಮಗುವೂ ಇಲ್ಲ. ಮಧ್ಯಾಹ್ನದ ಊಟದ ಅಡುಗೆಯವರು ಇನ್ನೂರು ಮಕ್ಕಳ ಅಕ್ಕಿ ತೊಳೆದಿಟ್ಟು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಬಂದದ್ದು ಹನ್ನೊಂದು ಮಕ್ಕಳು. ಆಫೀಸಿನಲ್ಲಿ ಹೆಡ್‌ಮಾಷ್ಟ್ರು ಫೋನಿನ ಮೇಲೆ ಫೋನು. ಎದುರಿಗೆ ಪಿಟಿಎ ಅಧ್ಯಕ್ಷ ವಾಸಪ್ಪ, ಮುಖ ಕೆಂಪಗೆ.

"ಎಂತ ಟೀಚರೇ ಇದು?" ಎಂದರು ವಾಸಪ್ಪ. "ಪಕ್ಕದ ಎರಡು ಶಾಲೆಯಲ್ಲೂ ಅರ್ಧ ಮಕ್ಕಳಿಲ್ಲ. ನನ್ನ ಅಂಗಡಿಗೇ ಬಂದು ಕೇಳ್ತಾರೆ, ನಿಮ್ಮ ಶಾಲೆಗೆ ಬೇರೆ ಕಲೆಕ್ಟರ್ ಇದ್ದಾರಾ ಅಂತ!"

"ಕ್ಲಾಸಿನ ಆಟ ಅದು, ಯಶ್ಮಿತಾ ಮಾತಾಡಿದ್ದು..." ಎಂದು ನಮಿತಾ ಹೇಳತೊಡಗಿದಳು. ವಾಸಪ್ಪ ಅಷ್ಟರಲ್ಲೇ ಆರನೇ ಕ್ಲಾಸಿಗೆ ಹೋಗಿ ಯಶ್ಮಿತಾಳನ್ನು ಕರೆದುಕೊಂಡೇ ಬಂದರು. ಹೌದು, ಅವಳು ಬಂದಿದ್ದಳು. ಇಡೀ ಕ್ಲಾಸಿನಲ್ಲಿ ಅವಳೊಬ್ಬಳೇ. ರಜೆ ಸುಳ್ಳು ಎಂದು ಖಂಡಿತವಾಗಿ ಗೊತ್ತಿದ್ದದ್ದು ಆ ಒಂದು ಮಗುವಿಗೆ ಮಾತ್ರ.

"ನೀನಾ ಇದು ಮಾತಾಡಿದ್ದು? ಹೇಳು!" ಎಂದರು ವಾಸಪ್ಪ. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೀಗ ಮತ್ತೆ ಬಿದ್ದಿತ್ತು.

ಮಹೇಶ್ವರ ಮಾಷ್ಟ್ರು ಕೆಟ್ಟವರಲ್ಲ. ನಿಜಕ್ಕೂ ನಮಿತಾಳ ಒಳ್ಳೆಯದಕ್ಕೇ ಅವರು ದನಿ ತಗ್ಗಿಸಿ ಹೇಳಿದ್ದು. "ಟೀಚರೇ, ಮಧ್ಯಾಹ್ನದೊಳಗೆ ಮೇಲಿನ ಆಫೀಸಿಗೆ ವಿವರಣೆ ಕೊಡಬೇಕು. ಈ ಹುಡುಗಿ ಕಳಿಸಿದ್ಲು, ನಿಜ ಅಂತ ನಂಬಿ ನಾನು ಗ್ರೂಪಿಗೆ ಹಾಕಿದೆ ಅಂತ ಬರೀರಿ. ಸಣ್ಣ ಮಕ್ಕಳು, ತಾಯಿಯನ್ನು ಕರೆಸಿ ಒಂದು ಕ್ಷಮಾಪಣೆ ಬರೆಸಿದ್ರೆ ಮುಗೀತು. ನಿಮ್ಮದೇ ತಪ್ಪು ಅಂತಾದ್ರೆ ಬರುವ ವರ್ಷ ನಿಮ್ಮನ್ನು ತೆಗೊಳ್ಳಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ನೋಡಿ."

ಕಾಗದ, ಪೆನ್ನು ಮುಂದೆ ಬಂತು. ನಮಿತಾ ನಿಂತೇ ಬರೆಯತೊಡಗಿದಳು. ಸುಳ್ಳು ಯಾಕೆ ಹೇಳಲಿ, ಅವಳು ಬರೆದದ್ದು "ಆರನೇ ತರಗತಿಯ ಯಶ್ಮಿತಾ ಎಂಬ ವಿದ್ಯಾರ್ಥಿನಿ" ಎಂದೇ. ಅಲ್ಲಿಯವರೆಗೆ ಪೆನ್ನು ಎಲ್ಲೂ ನಿಲ್ಲಲಿಲ್ಲ. ಏಳನೇ ಕ್ಲಾಸಿನ ಬೋರ್ಡು, ಅದೇ ಮೂವತ್ತೊಂದು ಮುಖ, ಜೂನ್ ತಿಂಗಳಲ್ಲಿ ಯಾರಿಗೂ ತನ್ನ ಹೆಸರು ಹೇಳಬೇಕಾಗಿಲ್ಲದ ಮೊದಲ ದಿನ, ಎಲ್ಲ ಕಣ್ಣಮುಂದೆ ಬಂತು. ಬೇಕಿತ್ತು ಅವಳಿಗೆ ಅದು, ತುಂಬ ಬೇಕಿತ್ತು. ತಲೆ ಎತ್ತಿದರೆ ಹುಡುಗಿ ಅವಳನ್ನೇ ನೋಡುತ್ತಿದ್ದಾಳೆ. ಕಣ್ಣಲ್ಲಿ ನೀರಿಲ್ಲ, ದೂರಿಲ್ಲ. ಟೀಚರ್ ಏನು ಬರೆಯುತ್ತಾರೆ ಎಂದು ಕಾಯುತ್ತಿದ್ದಾಳೆ, ಅಷ್ಟೇ.

ಛೆ, ಎಂದಳು ನಮಿತಾ, ತನಗೆ ತಾನೇ. ನಿನ್ನೆ ಬಾಯಿ ತೆರೆದ ಮಗು, ಇವತ್ತು ಅದಕ್ಕೇ ಕ್ಷಮೆ ಕೇಳಬೇಕೆ? ಇನ್ನು ಈ ಜನ್ಮದಲ್ಲಿ ಮಾತಾಡುತ್ತದೆಯೇ ಅದು? ತಾನು ಬರೆದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಕಾಗದ ಹರಿದು ಇನ್ನೊಂದು ತೆಗೆದುಕೊಂಡಳು.

"ಪಾಠ ನನ್ನದು. ಮಗು ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡಿ ನನಗೊಬ್ಬಳಿಗೆ ಕಳಿಸಿದ್ದು. ಸುಳ್ಳೆಂದು ಗೊತ್ತಿದ್ದೇ ಗ್ರೂಪಿಗೆ ಹಾಕಿದವಳು ನಾನು. ಮಗುವಿನ ತಪ್ಪು ಏನೂ ಇಲ್ಲ." ಕೆಳಗೆ ಸಹಿ.

ಮಹೇಶ್ವರರು ಓದಿ ಕನ್ನಡಕ ತೆಗೆದರು. "ಟೀಚರೇ, ಬರುವ ವರ್ಷ..." ಎಂದು ನಿಲ್ಲಿಸಿದರು.

"ಗೊತ್ತುಂಟು ಸರ್."

ವಾಸಪ್ಪ, ಅನ್ನ ಹಾಳಾಗದ ಹಾಗೆ ಮಕ್ಕಳನ್ನು ಕರೆಸಬೇಕು ಎನ್ನುತ್ತ ವ್ಯಾನಿನವನಿಗೆ ಫೋನ್ ಮಾಡಲು ಹೊರಗೆ ಹೋದರು.

ನಮಿತಾ ಯಶ್ಮಿತಾಳನ್ನು ಕರೆದುಕೊಂಡು ಆರನೇ ಕ್ಲಾಸಿಗೆ ಬಂದಳು. ಖಾಲಿ ಬೆಂಚುಗಳು. ಕುರ್ಚಿ ನಿನ್ನೆ ಬಿಟ್ಟಲ್ಲೇ, ನಡುವೆ ಇತ್ತು. ನಮಿತಾ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಇನ್ನು ಎಂಟು ತಿಂಗಳು. ಆಮೇಲೆ ಒಂಬತ್ತನೇ ಶಾಲೆ, ಹೊಸ ಬಸ್ಸು, ಹೊಸ ಹೆಸರುಗಳು. ಕಣ್ಣು ತುಂಬಿ ಬಂದದ್ದನ್ನು ಮಗು ನೋಡಬಾರದು ಎಂದು ಬೋರ್ಡು ಒರೆಸತೊಡಗಿದಳು. ಬೋರ್ಡಿನಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಹಿಂದೆ ಕುರ್ಚಿ ಕಿರ್ ಎಂದಿತು. ತಿರುಗಿದರೆ ಯಶ್ಮಿತಾ ಅದರಲ್ಲಿ ಕೂತಿದ್ದಾಳೆ. ಕಾಲು ನೆಲಕ್ಕೆ ತಾಗುವುದಿಲ್ಲ. ಎರಡೂ ಕೈ ಕುರ್ಚಿಯ ಕೈಗಳ ಮೇಲೆ.

"ಗುಡ್ ಮಾರ್ನಿಂಗ್" ಎಂದಳು. ದನಿ ಮೊದಲು ಸ್ವಲ್ಪ ನಡುಗಿತು, ಆಮೇಲೆ ನಡುಗಲಿಲ್ಲ. "ಐ ಆಮ್ ಕಲೆಕ್ಟರ್. ಟುಡೇ ನೋ ಹಾಲಿಡೇ. ಟುಮಾರೋ ನೋ ಹಾಲಿಡೇ."

ಒಮ್ಮೆ ಆಫೀಸಿನ ಕಡೆ ನೋಡಿದಳು, ಮತ್ತೆ ನಮಿತಾಳನ್ನು ನೋಡಿದಳು.

"ನಮಿತಾ ಟೀಚರ್, ನೆಕ್ಸ್ಟ್ ಇಯರ್ ಆಲ್ಸೋ ನೋ ಹಾಲಿಡೇ. ಕಮ್ ಟು ಸೆವೆಂತ್ ಸ್ಟ್ಯಾಂಡರ್ಡ್. ದಿಸ್ ಈಸ್ ಆರ್ಡರ್."

ಡಸ್ಟರ್ ಕೈಯಲ್ಲಿ ಹಿಡಿದೇ ನಮಿತಾ ಮೊದಲ ಬೆಂಚಿನಲ್ಲಿ, ಭವಿತ್‌ನ ಜಾಗದಲ್ಲಿ, ಕೂತುಬಿಟ್ಟಳು.